ಎರಡು ಕೋನ್, ಒಂದು ಕೆಂಪು ಬಾವುಟ ಸಾಲದು

ಅಣ್ಣಿಗೇರಿ ಹತ್ತಿರ ಗದಗ–ಹುಬ್ಬಳ್ಳಿ ರಸ್ತೆಯ ಅಂಚಿನಲ್ಲಿ ಪೈಪ್ ಹೂಳುವಾಗ ಗುಂಡಿಯ ಮುಂದೆ ಎರಡು ಕೋನ್ ಇಟ್ಟು, ಒಬ್ಬರ ಕೈಗೆ ಕೆಂಪು ಬಾವುಟ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ, ಖಂಡಿತ ಸಾಲದು. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ಅಪಾಯವನ್ನು ಕಂಡು, ಬ್ರೇಕ್ ಒತ್ತಿ, ಪೂರ್ತಿ ನಿಲ್ಲಲು ನಮ್ಮ ರಸ್ತೆ ವಿನ್ಯಾಸದಲ್ಲಿ 80 ಮೀಟರ್ ಲೆಕ್ಕ ಹಿಡಿಯುತ್ತಾರೆ. ಆದ್ದರಿಂದ ‘ಮುಂದೆ ಕಾಮಗಾರಿ’ ಫಲಕವು ಅದಕ್ಕಿಂತ ಸಾಕಷ್ಟು ಮೊದಲೇ ಕಾಣಬೇಕು, ಅನಂತರ ಕೋನ್‌ಗಳ ಓರೆ ಸಾಲು ವಾಹನಗಳನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಬೇಕು. ರಸ್ತೆ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 55 (ಕಾಮಗಾರಿ ಸ್ಥಳಗಳ ಸಂಚಾರ ನಿರ್ವಹಣೆ) ಮಾರ್ಗಸೂಚಿಯ ಕ್ರಮವೂ ಇದೇ. ಬಾವುಟ ಹಿಡಿದವರನ್ನು ವಾಹನಗಳ ಪಥದಲ್ಲಿ ದಯವಿಟ್ಟು ನಿಲ್ಲಿಸಬೇಡಿ. ಅವರಿಗೆ ಪ್ರತಿಫಲಕ ಜಾಕೆಟ್ ಕೊಡಿ. ನನ್ನನ್ನು ಹೆಚ್ಚು ಕಾಡುವುದು ರಾತ್ರಿ: ಕೆಲಸ ನಿಂತರೂ ಗುಂಡಿ ತೆರೆದಿದ್ದರೆ ಬ್ಯಾರಿಕೇಡ್, ಮಿನುಗುವ ದೀಪ, ಪ್ರತಿಫಲಕ ಪಟ್ಟಿ ಬೆಳಗಿನವರೆಗೂ ಅಲ್ಲೇ ಇರಲಿ.