ಹಲ್ಲಿನ ಕಂದು ಕಲೆ: ತಿಕ್ಕಿದರೆ ಹೋಗುವುದೇ?

ಪ್ರಶ್ನೆ: ಮುಂಡರಗಿ ತಾಲ್ಲೂಕಿನ ನಮ್ಮ ಊರಿನಲ್ಲಿ ಮೊದಲಿನಿಂದಲೂ ಕೊಳವೆಬಾವಿ ನೀರನ್ನೇ ಕುಡಿಯುತ್ತೇವೆ. ಹತ್ತು ವರ್ಷದ ಮಗನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದು, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಕ್ಲೀನಿಂಗ್ ಮಾಡಿಸೋಣವೆಂದರೆ ಹಲ್ಲು ಸಡಿಲವಾಗುತ್ತವೆ ಎಂದು ಅತ್ತೆಯವರು ಬೇಡವೆನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಗದಗ ಜಿಲ್ಲೆ

ಉತ್ತರ: ತಾಯಿ, ನಿಮ್ಮ ವಿವರಣೆಯಂತೆ ಇದು ಫ್ಲೋರೋಸಿಸ್ ಇರಬಹುದು, ಹಲ್ಲು ನೋಡದೆ ಖಚಿತವಾಗಿ ಹೇಳಲಾಗದು. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ನೀರಿನಿಂದ ಫ್ಲೋರೈಡ್ ಎಂಬ ಲವಣ ಹೆಚ್ಚಾಗಿ ದೇಹ ಸೇರಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಸರಿಯಾಗಿ ಗಟ್ಟಿಯಾಗದೆ, ಮೊದಲು ಸುಣ್ಣ ಬಳಿದಂತೆ ಬೆಳ್ಳಗೆ ಕಾಣುವ ಪಟ್ಟಿಗಳು ಕ್ರಮೇಣ ಕಂದುಬಣ್ಣಕ್ಕೆ ತಿರುಗುತ್ತವೆ. ಕಲೆ ಹಲ್ಲಿನೊಳಗೇ ಇರುವುದರಿಂದ ಬ್ರಶ್ಶಿಗೆ ಬಗ್ಗುವುದಿಲ್ಲ. ಇದ್ದಿಲು, ಉಪ್ಪು ಹಾಕಿ ಉಜ್ಜಿದರೆ ಎನಾಮೆಲ್ ಸವೆಯುತ್ತದೆ, ಅಷ್ಟೇ.

ಕಲೆ ತೆಳುವಾಗಿದ್ದರೆ ಮೇಲ್ಪದರವನ್ನು ನವಿರಾಗಿ ಉಜ್ಜಿ ತೆಗೆಯುವ ಚಿಕಿತ್ಸೆ, ಗಾಢವಾಗಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪನ ಸಾಕಾಗಬಹುದು. ಈ ವಯಸ್ಸಿಗೆ ಹಲ್ಲು ಕೊರೆದು ಕ್ಯಾಪ್ ಹಾಕಿಸಲು ಅವಸರ ಬೇಡ.

ಅತ್ತೆಯವರ ಭಯ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಕ್ಲೀನಿಂಗ್ ಹಲ್ಲನ್ನು ಸಡಿಲಗೊಳಿಸುವುದಿಲ್ಲ. ಒಸಡಿನ ರೋಗದಿಂದ ಮೊದಲೇ ಸಡಿಲವಾದ ಹಲ್ಲು, ಅದನ್ನು ಹಿಡಿದಿಟ್ಟಂತಿದ್ದ ಗಾರೆ (ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ) ಹೋದಾಗ ಗಮನಕ್ಕೆ ಬರುತ್ತದೆ. ಆದರೆ ನಿಮ್ಮ ಮಗನ ಕಲೆ ಕ್ಲೀನಿಂಗ್‌ನಿಂದ ಹೋಗದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಕುಡಿಯಲು ಸಲ್ಲದು, ಕಾಯಿಸಿದರೂ ಅದು ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ಕೊಡವನ್ನು ಕುಡಿಯಲಷ್ಟೇ ಅಲ್ಲ, ಬೇಳೆ ಬೇಯಿಸಲೂ ಬಳಸಿ.