ಬಲವೂ ಬೇಕು, ದಮ್ಮೂ ಬೇಕು

ಪ್ರಶ್ನೆ: ನನಗೆ 34 ವರ್ಷ. ದಿನಾ ಬಾರ್‌ಬೆಲ್ (ಎರಡೂ ತುದಿಗೆ ಭಾರ ಹಾಕಿದ ಸರಳು) ಎತ್ತಿ, ಆಮೇಲೆ 16 ಕೆಜಿ ಕೆಟಲ್‌ಬೆಲ್ (ಹಿಡಿ ಇರುವ ಕಬ್ಬಿಣದ ಗುಂಡು) ಸ್ವಿಂಗ್, ಅಂದರೆ ಅದನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬೀಸುವುದನ್ನು, ಸುಸ್ತಾಗುವವರೆಗೆ ಮಾಡುತ್ತೇನೆ. ಮೂರು ತಿಂಗಳಿಂದ ಡೆಡ್‌ಲಿಫ್ಟ್‌ನಲ್ಲಿ (ಬಾರ್‌ಬೆಲ್ ಅನ್ನು ನೆಲದಿಂದ ಎತ್ತಿ ನೇರ ನಿಲ್ಲುವುದು) ಎತ್ತುವ ಭಾರ ಏರಿಲ್ಲ. ಯಾಕೆ?

ಉತ್ತರ: ದಿನಾ ಮಾಡುತ್ತೀರಿ, ಅದಕ್ಕೇ. ಡೆಡ್‌ಲಿಫ್ಟ್, ಸ್ವಿಂಗ್ ಎರಡೂ ಕೆಲಸ ಕೊಡುವುದು ಅದೇ ಸೊಂಟ, ತೊಡೆಯ ಹಿಂಭಾಗಕ್ಕೆ ಅಲ್ವಾ, ಅವು ಚೇತರಿಸಿಕೊಳ್ಳುವುದು ಯಾವಾಗ? ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಆಗಿತ್ತು: ಭಾರ ಎತ್ತುವುದು, ಓಟ, ಸೈಕಲ್ ಎಲ್ಲವನ್ನೂ ಜೋರಾಗಿ ಒಟ್ಟಿಗೆ ಮಾಡಿದವರ ಬಲ ಮೊದಲು ಏರಿತು, ಕೊನೆಯ ವಾರಗಳಲ್ಲಿ ಇಳಿಯಿತು.

ವಾರಕ್ಕೆ ಎರಡೇ ದಿನ ಭಾರ ಎತ್ತಿ. ಒಂದು ಸೆಟ್‌ಗೆ (ನಿಲ್ಲಿಸದೆ ಮಾಡುವ ಒಂದು ಸರದಿಗೆ) 3ರಿಂದ 5 ಸಲ ಸಾಕು, ಸೆಟ್‌ಗಳ ನಡುವೆ ಮೂರು ನಿಮಿಷ ಸುಮ್ನೆ ಕೂತುಕೊಳ್ಳಿ, ಅದು ಸೋಮಾರಿತನ ಅಲ್ಲ. ಬೇರೆ ಎರಡು ದಿನ ಸ್ವಿಂಗ್: ಪ್ರತಿ ನಿಮಿಷದ ಶುರುವಿನಲ್ಲಿ 10, ಉಳಿದ ಸಮಯ ಉಸಿರು ಸುಧಾರಿಸಿಕೊಳ್ಳಿ, ಹತ್ತು ನಿಮಿಷದಿಂದ ನಿಧಾನವಾಗಿ ಇಪ್ಪತ್ತಕ್ಕೆ ಹೋಗಿ. ಒಂದೇ ದಿನ ಎರಡೂ ಮಾಡಲೇಬೇಕಾದರೆ ಭಾರ ಮೊದಲು, ಸ್ವಿಂಗ್ ಆಮೇಲೆ ಮತ್ತು ಕಡಿಮೆ. ಸ್ವಿಂಗ್‌ನಲ್ಲಿ ತೋಳಿನಿಂದ ಎತ್ತಬೇಡಿ, ಸೊಂಟದಿಂದ ತಳ್ಳಿ. ಬೆನ್ನು ಬಾಗಲು ಶುರುವಾದರೆ ಆ ದಿನಕ್ಕೆ ನಿಲ್ಲಿಸಿ.