ಬೊಲೆರೊ ಹಿಂಬಾಗಿಲು ಸ್ಟೆಪ್ನಿ ಭಾರಕ್ಕೆ ಜೋಲುತ್ತಿದೆ, ಸ್ಟೀಲ್ ಬಂಪರ್ ಮಾಡಿಸಿ ತಿರುಗುವ ತೋಳಿಗೆ ಸ್ಟೆಪ್ನಿ ಹಾಕಿಸಬಹುದಾ?

ನೀವು ಕೇಳಿದ್ದು ಇಷ್ಟು: ಹಳೇ ಬೊಲೆರೊ, ಹೊಸದುರ್ಗದ ಕಡೆ ತೋಟ, ದಿನಾ ಕಲ್ಲು ದಾರಿ. ಕಂಪನಿ ಅಳತೆಗಿಂತ ದೊಡ್ಡ ಟಯರ್ ಹಾಕಿಸಿದ್ದೀರಿ. ಆ ಸ್ಟೆಪ್ನಿ ಭಾರಕ್ಕೆ ಹಿಂಬಾಗಿಲು ಜೋತುಬಿದ್ದಿದೆ, ಹಿಂಜ್ ಹತ್ತಿರ ತಗಡು ಬಿರುಕು ಬಿಟ್ಟಿದೆ. ದಾವಣಗೆರೆಯಲ್ಲಿ ಸ್ಟೀಲ್ ಬಂಪರ್ ಮಾಡಿಸಿ, ಅದರ ಮೇಲೆ ತಿರುಗುವ ತೋಳಿಗೆ ಸ್ಟೆಪ್ನಿ ಹಾಕಿಸಬಹುದಾ, 5 ಎಂಎಂ ಪ್ಲೇಟ್ ಸಾಕಾ 8 ಎಂಎಂ ಬೇಕಾ ಅಂತ.

ಮಾಡಿಸಬಹುದು. ದಾವಣಗೆರೆಯಲ್ಲಿ ನನ್ನದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಹೆಚ್ಚಾಗಿ ಟ್ರ್ಯಾಕ್ಟರ್ ಟ್ರೇಲರ್, ಗೇಟು, ಶೀಟ್ ಹೊದಿಸೋ ಕೆಲಸ. ಇಂಥ ಬಂಪರ್ ಈವರೆಗೆ ಏಳು ಮಾಡಿದ್ದೇನೆ. ಮೊದಲನೆಯದು ಕೆಟ್ಟಿತು, ಉಳಿದ ಆರು ಇನ್ನೂ ಓಡುತ್ತಿವೆ. ನೀವು ಪ್ಲೇಟಿನ ದಪ್ಪ ಕೇಳಿದ್ದೀರಿ. ತೋಳು ಯಾವುದರ ಮೇಲೆ ತಿರುಗಬೇಕು ಅನ್ನೋದನ್ನು ಕೇಳಿಲ್ಲ. ಗಟ್ಟಿ ಇರಬೇಕಾದ್ದು ಅದು.

ಕಬ್ಬಿಣಕ್ಕೆ ಕೈ ಹಾಕುವ ಮೊದಲು ಕಾಗದದ ಮಾತು ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮುಂದಿನ ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ನಿಮ್ಮದು ಹಿಂದಿನ ಬಂಪರ್, ನಿಜ. ಆದರೂ ಹಿಂದಿನದಲ್ವಾ, ಯಾರು ಕೇಳುತ್ತಾರೆ ಅಂತ ಬಿಡಬೇಡಿ. ಚಿತ್ರದುರ್ಗದ ಆರ್‌ಟಿಒ ಕಚೇರಿಗೆ ಹೋಗಿ ಮೊದಲೇ ಕೇಳಿ, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ದೊಡ್ಡ ಟಯರ್ ವಿಷಯವನ್ನೂ ಅಲ್ಲೇ ಕೇಳಿಬಿಡಿ. ಅವರು ಆಗಲ್ಲ ಅಂದರೆ ಕಂಪನಿ ಅಳತೆಯ ಟಯರ್ ವಾಪಸ್ ಹಾಕಿ, ಬಾಗಿಲಿನ ಹಿಂಜ್ ಬದಲಿಸಿ, ಬಿರುಕಿಗೆ ಒಳಗಿನಿಂದ ಪ್ಲೇಟ್ ಕೊಟ್ಟು ಗಟ್ಟಿ ಮಾಡಿಸಿ. ಅರ್ಧ ಜನಕ್ಕೆ ಅಷ್ಟೇ ಸಾಕು. ನನ್ನ ಹತ್ತಿರ ಬಂದವರಿಗೂ ಮೊದಲು ಇದನ್ನೇ ಹೇಳುತ್ತೇನೆ.

ಆಯ್ತು, ಅನುಮತಿ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಈಗ ತೂಕ.

ಒಂದು ಚದರ ಮೀಟರ್ ಸ್ಟೀಲ್ ಶೀಟು 1 ಎಂಎಂ ದಪ್ಪಕ್ಕೆ 7.85 ಕೆಜಿ ತೂಗುತ್ತದೆ. 5 ಎಂಎಂ ಆದರೆ 39 ಕೆಜಿ ದಾಟುತ್ತದೆ, 8 ಎಂಎಂ ಆದರೆ ಹತ್ತಿರ ಹತ್ತಿರ 63. ಬೊಲೆರೊ ಅಗಲಕ್ಕೆ 1.6 ಮೀಟರ್ ಉದ್ದದ ಪೆಟ್ಟಿಗೆ ತರದ ಬಂಪರ್ ಮಡಚಿದರೆ ಸುಮಾರು ಒಂದು ಚದರ ಮೀಟರ್ ಶೀಟು ಹೋಗುತ್ತದೆ. ಅದೇ ಉದ್ದಕ್ಕೆ 100×50 ಅಳತೆಯ 4 ಎಂಎಂ ಆಯತದ ಪೈಪ್ ಹಾಕಿದರೆ ಬರೀ 14 ಕೆಜಿ. ಗಟ್ಟಿತನದಲ್ಲಿ ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಬಂಪರ್ ಇರೋದು ಹಿಂದಿನ ಆಕ್ಸಲ್‌ಗಿಂತ ಹಿಂದೆ ಅನ್ನೋದು ನೆನಪಿರಲಿ. ಬೊಲೆರೊದ ಎರಡು ಆಕ್ಸಲ್ ನಡುವೆ 2,680 ಎಂಎಂ ದೂರ. ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಆಚೆ 60 ಕೆಜಿ ನೇತುಹಾಕಿದರೆ, ಮುಂದಿನ ಚಕ್ರಗಳ ಮೇಲಿಂದ ಸುಮಾರು 22 ಕೆಜಿ ಎತ್ತಿದ ಹಾಗೆ. ಹಿಂದಿನ ಪಟ್ಟಿ ಸ್ಪ್ರಿಂಗ್‌ಗಳ ಮೇಲೆ 60 ಅಲ್ಲ, 82 ಕೆಜಿ ಬೀಳುತ್ತದೆ. ಅದಕ್ಕೇ 8 ಎಂಎಂ ಮರೆತುಬಿಡಿ.

ಈಗ ಆ ಮೊದಲನೇ ಬಂಪರ್ ಕಥೆ.

ಚಿತ್ರದುರ್ಗದವರೊಬ್ಬರು, ಜೋಗಿಮಟ್ಟಿ ಕಡೆ ಗಾಳಿಯಂತ್ರಗಳ ಕೆಲಸಕ್ಕೆ ಗಾಡಿ ಓಡಿಸುವವರು, ಬಂದು ಕೇಳಿದರು. ನನಗೆ ಗೇಟು ಮಾಡಿ ಅಭ್ಯಾಸ. ಮನೆಯ ದೊಡ್ಡ ಗೇಟಿಗೆ ಹಾಕುವಂಥ ಪಿನ್ನು, ಅದರ ಮೇಲೊಂದು ಬುಷ್, ಅಂದರೆ ಪಿನ್ನು ತೂರುವ ಕೊಳವೆ. ತೋಳನ್ನು ಹಾಗೇ ಕೂರಿಸಿದೆ. ಗೇಟು 80 ಕೆಜಿ ತೂಗುತ್ತದೆ, ಸ್ಟೆಪ್ನಿ 24 ಕೆಜಿ, ಏನಾಗುತ್ತದೆ ಅಂತ ಧೈರ್ಯ. ಮೂರು ತಿಂಗಳಿಗೆ ಫೋನ್ ಬಂತು. "ಅಣ್ಣಾ, ಚಿಲಕ ಬೀಳ್ತಿಲ್ಲ, ತೋಳನ್ನ ಮೊಣಕಾಲಲ್ಲಿ ಎತ್ತಿ ಎತ್ತಿ ಹಾಕ್ತಾ ಇದೀನಿ." ಗಾಡಿ ಬಂದ ಮೇಲೆ ಬಿಚ್ಚಿ ನೋಡಿದೆ. ಬುಷ್‌ನ ತೂತು ಗುಂಡಗಿದ್ದದ್ದು ಕೋಳಿಮೊಟ್ಟೆ ಆಕಾರಕ್ಕೆ ಬಂದಿತ್ತು. ಗ್ರೀಸಿನ ಜಾಗದಲ್ಲಿ ಕೆಂಪು ಮಣ್ಣು ಮತ್ತು ಕಬ್ಬಿಣದ ಪುಡಿ ಸೇರಿ ಗಂಧ ತೇಯ್ದ ಹಾಗೆ ಆಗಿತ್ತು. ತೋಳಿನ ತುದಿ 20 ಎಂಎಂ ಇಳಿದಿತ್ತು.

ಗೇಟು ನಿಂತ ಕಡೆ ನಿಂತಿರುತ್ತದೆ. ಗಾಡಿಯ ತೋಳು ದಿನವಿಡೀ ಕುಲುಕುತ್ತಲೇ ಇರುತ್ತದೆ. ಆ ವ್ಯತ್ಯಾಸ ನನಗೆ ಮೊದಲೇ ಹೊಳೆಯಬೇಕಿತ್ತು.

ಲೆಕ್ಕ ನೋಡಿ. 24 ಕೆಜಿ ಸ್ಟೆಪ್ನಿ, ಪಿನ್ನಿನಿಂದ 70 ಸೆಂಮೀ ದೂರದಲ್ಲಿ ತೂಗುತ್ತದೆ. ಪಿನ್ನಿನ ಮೇಲೆ ಮೇಲೊಂದು ಕೆಳಗೊಂದು ಹಿಡಿತ 80 ಎಂಎಂ ಅಂತರದಲ್ಲಿದ್ದರೆ, ತೋಳು ತೆರೆದಾಗ ಒಂದೊಂದು ಹಿಡಿತದ ಮೇಲೂ 210 ಕೆಜಿ ಬಲ ಬೀಳುತ್ತದೆ. ಅಂತರವನ್ನು 160 ಎಂಎಂ ಮಾಡಿದರೆ ಅದು 105 ಕೆಜಿಗೆ ಇಳಿಯುತ್ತದೆ. ಸವೆತದ್ದೂ ಇದೇ ಲೆಕ್ಕ. 80 ಎಂಎಂ ಅಂತರದಲ್ಲಿ ಅರ್ಧ ಎಂಎಂ ಸಡಿಲಾದರೆ, 90 ಸೆಂಮೀ ಉದ್ದದ ತೋಳಿನ ತುದಿ ಐದೂವರೆ ಎಂಎಂ ಇಳಿಯುತ್ತದೆ. ಅಂತರ ದುಪ್ಪಟ್ಟು ಮಾಡಿ, ಇಳಿತ ಅರ್ಧವಾಗುತ್ತದೆ. ದುಡ್ಡು ಕೊಡಬೇಕಾದ್ದು ಆ ಅಂತರಕ್ಕೆ.

ಈಗ ನಾನು ಮಾಡೋದು ಹೀಗೆ. ಲೇತ್‌ನಲ್ಲಿ ಇಎನ್8 ಅನ್ನೋ ಗಟ್ಟಿ ಸ್ಟೀಲಿನ ರಾಡಿನಿಂದ ಒಂದು ಗೂಟ ಮಾಡಿಸುತ್ತೇನೆ. ಕೆಳಗೆ 40 ಎಂಎಂ, ಬೇರಿಂಗ್ ಕೂರುವ ಕಡೆ 30 ಎಂಎಂ, ತುದಿಗೆ ಥ್ರೆಡ್ ಹಾಕಿಸಿ ನಟ್ಟು. ಅದು ಬಂಪರ್ ಪೈಪಿನ ಮೇಲ್ಗೋಡೆ, ಕೆಳಗೋಡೆ ಎರಡನ್ನೂ ತೂರಿಕೊಂಡು ಹೋಗಬೇಕು. ಎರಡೂ ಕಡೆ ಸುತ್ತ ವೆಲ್ಡ್ ಆಗಬೇಕು. ಬರೀ ಮೇಲ್ಗೋಡೆಗೆ ಅಂಟಿಸಿದರೆ 4 ಎಂಎಂ ತಗಡು ಸಹಿತ ಕಿತ್ತುಕೊಂಡು ಬರುತ್ತದೆ. ಗೂಟದ ಮೇಲೆ ಎರಡು ಟೇಪರ್ ರೋಲರ್ ಬೇರಿಂಗ್, ನಂಬರ್ 30206. ಒಳ ಅಳತೆ 30, ಹೊರ ಅಳತೆ 62 ಎಂಎಂ. ಬೇರಿಂಗ್ ಅಂಗಡಿಯಲ್ಲಿ ಈ ನಂಬರ್ ಹೇಳಿದರೆ ಸಾಕು. ಚಕ್ರದ ಹಬ್ ಬಿಗಿ ಮಾಡುವ ಹಾಗೇ ನಟ್ಟು ಬಿಗಿ ಮಾಡಿ, ಸ್ವಲ್ಪ ಸಡಿಲಿಸಿ, ಪಿನ್ನು ಹಾಕೋದು. ಕೆಳಗೆ ಆಯಿಲ್ ಸೀಲು, ಮೇಲೆ ಗ್ರೀಸ್ ಕ್ಯಾಪ್. ಧೂಳು ಒಳಗೆ ಹೋಗಬಾರದು ಅಷ್ಟೇ.

ಒಂದು ಜಾಗದಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೆ. ಬೇರಿಂಗ್ ಮನೆಯನ್ನು, ಅಂದರೆ ಬೇರಿಂಗ್ ಒಳಗೆ ಕೂರುವ ಕೊಳವೆಯನ್ನು, ಲೇತ್‌ನಲ್ಲಿ ಚೊಕ್ಕ ಕೊರೆಸಿ ತಂದು, ಆಮೇಲೆ ಅದಕ್ಕೆ ತೋಳನ್ನು ವೆಲ್ಡ್ ಮಾಡಿದರೆ, ಆ ಶಾಖಕ್ಕೆ ತೂತು ಸೊಟ್ಟಗಾಗುತ್ತದೆ. ಬೇರಿಂಗ್ ಕೂರೋದೇ ಇಲ್ಲ. ಕೂರಿಸಲೇಬೇಕು ಅಂತ ಸುತ್ತಿಗೆ ತಗೊಂಡರೆ ಬೇರಿಂಗ್ ಹಾಳು. ವೆಲ್ಡ್ ಮಾಡಿ ಆಮೇಲೆ ಕೊರೆಸೋಣ ಅಂದರೆ ಮೀಟರ್ ಉದ್ದದ ತೋಳು ಲೇತ್‌ನಲ್ಲಿ ತಿರುಗೋದಿಲ್ಲ. ದಾರಿ ತೋರಿಸಿದ್ದು ನಮ್ಮ ಲೇತ್ ಕಾಕಾ. "ಚೋಟುದ್ದ ತುಂಡು ತೋಳು ಮಾತ್ರ ಹಚ್ಚಿ ತಗೊಂಡು ಬಾ, ಆಮೇಲೆ ಕೊರೀತೀನಿ" ಅಂದರು. ಅಂದರೆ ಬೇರಿಂಗ್ ಮನೆಗೆ 12-15 ಸೆಂಮೀ ಪೈಪ್ ತುಂಡನ್ನು ಮೊದಲೇ ಪೂರ್ತಿ ವೆಲ್ಡ್ ಮಾಡೋದು. ಆರಿದ ಮೇಲೆ ಲೇತ್‌ಗೆ ಕೊಟ್ಟು 62 ಎಂಎಂ ಸೀಟು ಕೊರೆಸೋದು. ಉಳಿದ ತೋಳನ್ನು ಆ ತುಂಡಿನ ತುದಿಗೆ ಜೋಡಿಸೋದು. ಆ ಕೊನೇ ವೆಲ್ಡ್‌ನ ಶಾಖ ಬೇರಿಂಗ್ ಮನೆವರೆಗೆ ಅಷ್ಟಾಗಿ ಹೋಗೋದಿಲ್ಲ. ಆ ಮಾತಿನಿಂದ ನನ್ನ ಎಷ್ಟೋ ಬೇರಿಂಗ್ ಉಳಿದಿವೆ.

ಇಎನ್8 ಬಗ್ಗೆ ಇನ್ನೊಂದು ಮಾತು. ಅದರಲ್ಲಿ ಕಾರ್ಬನ್ ಜಾಸ್ತಿ, ಸುಮಾರು 0.4 ಶೇಕಡಾ. ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ತರ ತಣ್ಣಗಿರುವಾಗಲೇ ವೆಲ್ಡ್ ಹೊಡೆದರೆ ಅಂಚಿನಲ್ಲಿ ಬಿರುಕು ಬರುತ್ತದೆ. ಗ್ಯಾಸಿನಿಂದ 150-200 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ, 7018 ನಂಬರಿನ ವೆಲ್ಡಿಂಗ್ ರಾಡಿನಲ್ಲಿ ವೆಲ್ಡ್ ಮಾಡಿಸಿ. ರಾಡ್ ಒಣಗಿರಬೇಕು. ಮಳೆಗಾಲದಲ್ಲಿ ಬಿಚ್ಚಿಟ್ಟ ಪ್ಯಾಕೆಟ್ಟಿನ ರಾಡ್ ಬೇಡ. ವೆಲ್ಡ್ ಆದ ಮೇಲೆ ಒಣ ಬೂದಿಯಲ್ಲೋ ಮರಳಲ್ಲೋ ಮುಚ್ಚಿ ನಿಧಾನಕ್ಕೆ ಆರಲು ಬಿಡಿ. ನಮ್ಮ ಹುಡುಗನೊಬ್ಬ ಅವಸರಕ್ಕೆ ಒಂದು ಚೊಂಬು ನೀರು ಸುರಿದ. ಟಿಣ್ ಅಂತ ಒಂದು ಸದ್ದು ಬಂತು, ಅಷ್ಟೇ. ಉಜ್ಜಿ ನೋಡಿದರೆ ಕೂದಲೆಳೆಯಷ್ಟು ಗೆರೆ, ಗೂಟದ ಅರ್ಧ ಸುತ್ತು. ಆ ಗೂಟ ಗುಜರಿಗೆ ಹೋಯಿತು. ಅದು ಕಣ್ಣಿಗೆ ಬೀಳದೆ ಬಣ್ಣ ಹೊಡೆದುಬಿಟ್ಟಿದ್ದರೆ, ಹೆದ್ದಾರಿಯಲ್ಲಿ ಹಿಂದೆ ಬರುವ ಬೈಕಿನವನ ಮೇಲೆ ಸ್ಟೆಪ್ನಿ ಬೀಳುತ್ತಿತ್ತು. ನಾನು ಆವತ್ತು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ತೋಳಿಗೆ 50×50 ಅಳತೆಯ 4 ಎಂಎಂ ಪೈಪ್ ಸಾಕು, ಮೀಟರಿಗೆ ಐದೂವರೆ ಕೆಜಿ ಆಸುಪಾಸು. ಜಿಐ (ಸತು ಲೇಪಿಸಿದ) ಪೈಪ್ ಮಿಕ್ಕಿದೆ ಅಂತ ಯಾರಾದರೂ ಕೊಟ್ಟರೆ ಬೇಡ ಅನ್ನಿ. ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಗೂಟ ನಿಲ್ಲಿಸುವಾಗ ಗಾಡಿ ಸಮನೆಲದಲ್ಲಿರಲಿ, ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ನೋಡಿ. ಗೂಟ ಓರೆಯಾದರೆ ತೋಳು ತಾನಾಗಿ ಒಂದು ಕಡೆ ಓಡುತ್ತದೆ. ಬಾಗಿಲು ಯಾವ ಕಡೆಗೆ ತೆರೆಯುತ್ತದೋ ತೋಳೂ ಅದೇ ಕಡೆಗೆ ತೆರೆಯಬೇಕು. ಇಲ್ಲದಿದ್ದರೆ ಅಡಿಕೆ ಮೂಟೆ ಹಾಕುವಾಗ ಎರಡರ ನಡುವೆ ಸಿಕ್ಕಿಕೊಳ್ಳುತ್ತೀರಿ. ತೋಳಿನ ಚಿಲಕದ ತುದಿಯನ್ನು ಖಾಲಿ ಇದ್ದಾಗ 5-6 ಎಂಎಂ ಮೇಲಕ್ಕೇ ಇರಿಸಿ. ಸ್ಟೆಪ್ನಿ ಹಾಕಿದ ಮೇಲೆ ಅದು ಮಟ್ಟಕ್ಕೆ ಬರುತ್ತದೆ. ಮುಚ್ಚುವಾಗ ತೋಳು ಒಂದು ಸಣ್ಣ ಇಳಿಜಾರು ಪ್ಲೇಟಿನ ಮೇಲೆ ಹತ್ತಿ ಕೂರಬೇಕು. ಆ ಪ್ಲೇಟಿನ ಮೇಲೆ ನೈಲಾನ್ ತುಂಡು ಬೋಲ್ಟ್ ಮಾಡಿ. ಭಾರ ಹೊರೋದು ಆ ಪ್ಲೇಟು. ಚಿಲಕದ ಕೆಲಸ ಬರೀ ಒತ್ತಿ ಹಿಡಿಯೋದು. ಚಿಲಕದ ಮೇಲೇ ಭಾರ ಬಿಟ್ಟರೆ ಕಲ್ಲು ದಾರಿಯಲ್ಲಿ ಕಟಕಟ ಸದ್ದು ಶುರುವಾಗುತ್ತದೆ, ಆಮೇಲೆ ಬೋಲ್ಟ್ ಸಡಿಲ. ನಾನು ಎಳೆದು ಮಡಚುವ ಟಾಗಲ್ ಕ್ಲ್ಯಾಂಪ್ ಹಾಕುತ್ತೇನೆ. ಅದು ಹೇಗೋ ಬಿಚ್ಚಿಕೊಂಡರೂ ತೋಳು ನಿಲ್ಲಲಿ ಅಂತ ಪಕ್ಕದಲ್ಲಿ ಬೇರೆ ಒಂದು ಪಿನ್ನು.

ತೆರೆದಾಗ ನಿಲ್ಲಿಸುವ ಸ್ಪ್ರಿಂಗ್ ಪಿನ್ನನ್ನೂ ಮರೆಯಬೇಡಿ. ಜೋಗಿಮಟ್ಟಿ ಗಾಳಿ ನಿಮಗೆ ಗೊತ್ತಲ್ವಾ. ನಮ್ಮ ಆ ಮೊದಲ ಗಿರಾಕಿ ಟೂಲ್ ತೆಗೆಯಲು ಬಗ್ಗಿದ್ದರು, ಗಾಳಿ ತೋಳನ್ನು ಬೀಸಿ ತಂದು ಅವರ ಮೊಣಕೈಗೆ ಹೊಡೆಯಿತು. ಎಲುಬು ಉಳಿಯಿತು, ಹದಿನೈದು ದಿನ ಕೈ ಎತ್ತಲಾಗಲಿಲ್ಲ.

ಚಾಸಿಗೆ ವೆಲ್ಡ್ ಬೇಡವೇ ಬೇಡ, ಬೋಲ್ಟ್ ಮಾತ್ರ. 6 ಎಂಎಂ ಪ್ಲೇಟಿನ ಬ್ರಾಕೆಟ್, ತಲೆ ಮೇಲೆ 8.8 ಅಂತ ಬರೆದಿರುವ 12 ಎಂಎಂ ಬೋಲ್ಟ್, ಒಂದೊಂದು ಕಡೆ ಕಡಿಮೆ ಅಂದರೂ ನಾಲ್ಕು. ಇರುವ ತೂತುಗಳನ್ನೇ ಬಳಸಿ. ಪೆಟ್ಟಿಗೆ ಆಕಾರದ ಚಾಸಿಯಲ್ಲಿ ಬೋಲ್ಟ್ ಆರಪಾರ ಹೋಗುವುದಾದರೆ ಒಳಗೆ ಪೈಪಿನ ಬುಷ್ ಕೊಡಬೇಕು, ಇಲ್ಲದಿದ್ದರೆ ಬಿಗಿ ಮಾಡಿದಷ್ಟೂ ಚಾಸಿ ಗೋಡೆ ಒಳಕ್ಕೆ ಕುಗ್ಗುತ್ತದೆ. ಬಂಪರ್ ಗಾಡಿಯ ಮೇಲಿರುವಾಗ ಅದರ ತುಂಡುಗಳಿಗೆ ಟ್ಯಾಕ್ (ಚುಕ್ಕೆ ವೆಲ್ಡ್) ಮಾತ್ರ ಹೊಡೆಯಿರಿ, ಅದೂ ಬ್ಯಾಟರಿಯ ಮೈನಸ್ ಬಿಚ್ಚಿ, ಡೀಸೆಲ್ ಟ್ಯಾಂಕು ಮತ್ತು ವೈರುಗಳಿಂದ ದೂರ ಅಂತ ಖಾತ್ರಿ ಮಾಡಿಕೊಂಡು. ಪೂರ್ತಿ ವೆಲ್ಡ್ ಬಂಪರ್ ಕೆಳಗಿಳಿಸಿದ ಮೇಲೆ. ಒಂದೇ ಕಡೆಯಿಂದ ಸರಸರ ಎಳೆಯದೆ, ಎಡಕ್ಕೊಂದು ಬಲಕ್ಕೊಂದು ತುಂಡು ತುಂಡಾಗಿ ಹೊಡೆದರೆ ಪೈಪ್ ಬಿಲ್ಲಿನ ಹಾಗೆ ಬಗ್ಗೋದಿಲ್ಲ. ಊರಲ್ಲೇ ಮಾಡಿಸುತ್ತೇನೆ ಅಂದರೆ ಕರೆಂಟ್ ನೋಡಿಕೊಳ್ಳಿ. ವೋಲ್ಟೇಜ್ ಕಡಿಮೆ ಇದ್ದಾಗ ವೆಲ್ಡ್ ನೋಡಲು ಚೆನ್ನಾಗಿರುತ್ತದೆ, ಒಳಗೆ ಹಿಡಿದಿರೋದಿಲ್ಲ.

ಗಟ್ಟಿ ಬಂಪರ್ ಪೆಟ್ಟನ್ನು ತಾನು ನುಂಗೋದಿಲ್ಲ, ನೇರ ಚಾಸಿಗೆ ಕೊಡುತ್ತದೆ. ಹಿಂದಿನಿಂದ ಗುದ್ದಿದವನಿಗೂ ಜಾಸ್ತಿ ಪೆಟ್ಟು. ಅದಕ್ಕೆ ಮೂಲೆಗಳನ್ನು ದುಂಡಗೆ ಮಾಡಿಸಿ, ಚೂಪಾದ ಅಂಚು ಎಲ್ಲೂ ಬಿಡಬೇಡಿ. ಹಿಂದಿನ ಲೈಟು, ಕೆಂಪು ರಿಫ್ಲೆಕ್ಟರ್, ನಂಬರ್ ಪ್ಲೇಟು, ಅದರ ಲೈಟು, ಇವಕ್ಕೆ ಟಯರ್ ಅಡ್ಡ ಬರಬಾರದು. ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಜಾಗ ಬದಲಿಸಲು ಬಿಚ್ಚಿದರೆ ಸ್ನ್ಯಾಪ್ ಲಾಕ್ ಮುರಿಯುತ್ತದೆ, ಹಾಗಾಗಿ ಪ್ಲೇಟ್ ಇದ್ದಲ್ಲೇ ಕಾಣುವ ಹಾಗೆ ತೋಳಿನ ಎತ್ತರ ಮೊದಲೇ ಲೆಕ್ಕ ಹಾಕಿ. ಪೈಪಿನ ತುದಿ ಮುಚ್ಚಿ, ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತು ಬಿಡಿ. ಪ್ರೈಮರ್, ಬಣ್ಣ ನಿಮ್ಮ ಇಷ್ಟ.

ಗಾಡಿ ತಂದರೆ ನಾಲ್ಕೈದು ದಿನ ಇಟ್ಟುಕೊಳ್ಳುತ್ತೇನೆ, ಲೇತ್ ಕೆಲಸಕ್ಕೇ ಒಂದೂವರೆ ದಿನ ಹೋಗುತ್ತದೆ. ಬೇರೆ ಯಾರ ಹತ್ತಿರ ಮಾಡಿಸಿದರೂ ಪರವಾಗಿಲ್ಲ, ಬಣ್ಣ ಹೊಡೆಯುವ ಮೊದಲು ಗೂಟದ ವೆಲ್ಡನ್ನು ನೀವೇ ಬಗ್ಗಿ, ಟಾರ್ಚ್ ಹಾಕಿ ನೋಡಿ. ಮನೆಗೆ ಹೋದ ಮೇಲೆ ಒಂದೊಂದು ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದಲ್ಲಿ ಗೆರೆ ಎಳೆದಿಡಿ. 500 ಕಿ.ಮೀ. ಆದ ಮೇಲೆ ನೋಡಿ. ಗೆರೆ ಮುರಿದಿರುವ ಬೋಲ್ಟ್ ಸಡಿಲಾಗಿದೆ, ಸ್ಪಾನರ್ ಹಾಕಿ.